33ರ ಪ್ಲೇಟು 45ರಲ್ಲಿ ತಿರುಗಿದಾಗ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಹಾಡು ಕೇಳಿಸಿದ ಕಡೆಯಲ್ಲಿ ಅದರ ಬಗ್ಗೆ ಎರಡು ಮಾತು ಸೇರಿಸಿದ್ದೇನೆ. ಚಪ್ಪಾಳೆ ಹಾಕಿಸಿದ ಜಾಗವನ್ನು ಹಾಗೇ ಬಿಟ್ಟಿದ್ದೇನೆ. ಓದುವವರೂ ಹಾಕಬಹುದು.)

ಎಲ್ಲರಿಗೂ ನಮಸ್ಕಾರ.

ಮೊದಲು ನಮ್ಮ ಮನೆಯ ಒಂದು ಕಥೆ. ನಮ್ಮಪ್ಪ ಅರಸೀಕೆರೆಯಲ್ಲಿ ಮೈಕ್ ಸೆಟ್ ಇಟ್ಟಿದ್ದರು. ಮದುವೆ, ಜಾತ್ರೆ, ಗಣಪತಿ, ಚುನಾವಣೆ, ಯಾವುದೇ ಇರಲಿ, ಹಾರ್ನ್ ನಮ್ಮ ಮನೆಯಿಂದಲೇ ಹೋಗಬೇಕು. ಎರಡು ಹಾರ್ನು, ಒಂದು ಆಂಪ್ಲಿಫೈಯರು, ಒಂದು ರೆಕಾರ್ಡ್ ಪ್ಲೇಯರು, ಒಂದು ಟ್ರಂಕಿನ ತುಂಬ ಪ್ಲೇಟು. ಪ್ಲೇಯರಿನ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಇತ್ತು. ಅದರ ಹತ್ತಿರ 33, 45, 78 ಅಂತ ಬರೆದಿತ್ತು. ನಿಮಿಷಕ್ಕೆ ಪ್ಲೇಟು ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ ಅದು.

ಅಪ್ಪ ಊಟಕ್ಕೆ ಕೂತಾಗ ನಾನೂ ನನ್ನ ತಮ್ಮನೂ ಆ ಕಡ್ಡಿ ತಳ್ಳುತ್ತಿದ್ದೆವು. 33ರ ಪ್ಲೇಟು 45ರಲ್ಲಿ ಓಡುತ್ತಿತ್ತು. ಗಂಡು ದನಿ ಹೆಣ್ಣು ದನಿಯಾಗುತ್ತಿತ್ತು, ಹೆಣ್ಣು ದನಿ ಗುಬ್ಬಿ ದನಿಯಾಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಒಂದು ಸಲ ಮದುವೆ ಮನೆಯಲ್ಲೇ ಹೀಗೆ ಮಾಡಿ ಸಿಕ್ಕಿಬಿದ್ದೆವು. ಆವತ್ತು ಬಿದ್ದ ಏಟು ಇನ್ನೂ ನೆನಪಿದೆ.

ನಾವು ಏಟು ತಿನ್ನುವುದಕ್ಕಿಂತ ಎಷ್ಟೋ ವರ್ಷ ಮುಂಚೆ, ಕೊಲಂಬಿಯಾ ದೇಶದ ಕಾಲಿ ಅನ್ನೋ ಊರಿನಲ್ಲಿ ಇದೇ ಕೆಲಸವನ್ನು ಬೇಕಂತಲೇ ಮಾಡುತ್ತಿದ್ದರು. ಅಲ್ಲಿ ಯಾರೂ ಬೈಯಲಿಲ್ಲ. ಅದರಿಂದ ಒಂದು ಹೊಸ ಕುಣಿತವೇ ಹುಟ್ಟಿತು. ಇದು ನನಗೆ ಗೊತ್ತಾದದ್ದು ತೀರ ತಡವಾಗಿ. ಗೊತ್ತಾದ ದಿನ ಅಪ್ಪನಿಗೆ ಹೇಳೋಣ ಅಂದರೆ ಅವರು ಇರಲಿಲ್ಲ.

ಲ್ಯಾಟಿನ್ ಡಾನ್ಸ್ ಸಂಗೀತ ಅಂದರೆ ಒಂದೇ ಸಂಗೀತ ಅಲ್ಲ. ಸಾಲ್ಸಾ, ಕುಂಬಿಯಾ, ಬಚಾತಾ, ಚಂಪೇಟಾ, ರೆಗೆಟೋನ್ ಹೀಗೆ ಹತ್ತಾರು ಇವೆ. ಇವುಗಳ ಕಥೆ ಹೇಳುವವರು ಸಾಮಾನ್ಯವಾಗಿ ಹಾಡುಗಾರರ ಹೆಸರನ್ನು ಸಾಲಾಗಿ ಹೇಳಿಕೊಂಡು ಹೋಗುತ್ತಾರೆ. ನಾನು ಮೈಕ್ ಸೆಟ್‌ನವರ ಮಗ. ನನಗೆ ಪ್ಲೇಟು ಹಾಕುವವನ ಕೈ ಕಾಣುತ್ತದೆ, ಎದುರಿಗೆ ಕುಣಿಯುವವರ ಕಾಲು ಕಾಣುತ್ತದೆ. ಈ ಸಂಗೀತವನ್ನು ಬೆಳೆಸಿದ್ದರಲ್ಲಿ ಆ ಕೈಕಾಲುಗಳ ಪಾಲು ಹಾಡಿದವರಿಗಿಂತ ಕಮ್ಮಿಯೇನಲ್ಲ ಅಂತ ನನ್ನ ವಾದ. ಅವರಲ್ಲಿ ಬಹಳ ಜನಕ್ಕೆ ಹಾಡಿನ ಭಾಷೆಯೇ ಬರುತ್ತಿರಲಿಲ್ಲ ಅನ್ನೋದು ಇನ್ನೂ ಚೆಂದ.

ಈಗ ಸ್ವಲ್ಪ ಕೈಗೆ ಕೆಲಸ ಕೊಡೋಣ. ಇಲ್ಲಿ ಮೃದಂಗ ಕಲಿತವರು, ಭರತನಾಟ್ಯ ಕಲಿತವರು ಇದ್ದೀರಿ. ನನ್ನ ಜೊತೆ ಹೇಳಿ:

ತಕಿಟ ತಕಿಟ ತಕಧಿಮಿ ತಕ ತಕಧಿಮಿ.

ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು ಹದಿನಾರು. ಈಗ ಬಾಯಲ್ಲಿ ಪೂರ್ತಿ ಹೇಳಿ, ಆದರೆ ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ ಹಾಕಿ. ಐದೇ ಚಪ್ಪಾಳೆ. ಮೊದಲ ಎಂಟು ಮಾತ್ರೆಯಲ್ಲಿ ಮೂರು ಬೀಳುತ್ತವೆ, ಮುಂದಿನ ಎಂಟರಲ್ಲಿ ಎರಡು. ಇನ್ನೊಂದು ಸಲ. ಈಗ ಬಾಯಿ ನಿಲ್ಲಿಸಿ, ಕೈ ಮಾತ್ರ ಮುಂದುವರಿಸಿ.

(ಎಲ್ಲರೂ ಹಾಕಿದರು. ಮೂರನೇ ಸುತ್ತಿಗೆ ಹಾಲ್ ಒಂದೇ ಕೈ ಆಯಿತು.)

ನೀವು ಈಗ ಹಾಕಿದ್ದು ಕ್ಲಾವೆ. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ಕೀಲಿ; ಬಾಗಿಲಿನ ಬೀಗದ್ದಲ್ಲ, ಗುಟ್ಟು ಬಿಡಿಸುವ ಕೀಲಿ. ಎರಡು ಗಟ್ಟಿ ಮರದ ತುಂಡನ್ನು ಒಂದಕ್ಕೊಂದು ಬಡಿದು ಇದನ್ನು ನುಡಿಸುತ್ತಾರೆ. ಆ ತುಂಡುಗಳು ಮೊದಲು ಹವಾನಾ ಬಂದರಿನಲ್ಲಿ ಹಡಗು ಕಟ್ಟಲು ಬಳಸುತ್ತಿದ್ದ ಗೂಟಗಳು ಅಂತ ಹೇಳುತ್ತಾರೆ. ನಮ್ಮ ತಾಳಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ತಾಳ ಹಾಕುವ ಕೈ ಲೆಕ್ಕ ತೋರಿಸುತ್ತದೆ. ಕ್ಲಾವೆ ಲೆಕ್ಕ ತೋರಿಸುವುದಿಲ್ಲ. ಪಿಯಾನೋ, ಬೇಸ್, ಟ್ರಂಪೆಟ್, ಹಾಡುವವರ ಮಾತು, ಎಲ್ಲವೂ ಇದರ ಮೇಲೆ ಒರಗಿಕೊಂಡು ನಿಲ್ಲುತ್ತವೆ. ಯಾರಾದರೂ ತಪ್ಪಿ ಇದರ ತಲೆಕೆಳಗಾಗಿ ನುಡಿಸಿದರೆ ಬ್ಯಾಂಡಿನವರು ‘ಕ್ರುಸಾದೊ’ ಅನ್ನುತ್ತಾರೆ, ಅಡ್ಡ ಬಿತ್ತು ಅಂತ. ಎಷ್ಟೋ ಹಾಡಿನಲ್ಲಿ ಆ ಮರದ ಸದ್ದು ಕೇಳಿಸುವುದೇ ಇಲ್ಲ. ಆದರೂ ಎಲ್ಲರ ಮನಸ್ಸಿನಲ್ಲಿ ಅದು ಓಡುತ್ತಿರುತ್ತದೆ.

ಮೊದಲ ಎಂಟು ಮಾತ್ರೆಯನ್ನು ಮಾತ್ರ ತೆಗೆದುಕೊಂಡರೆ ತಕಿಟ ತಕಿಟ ತಕ. ಮೂರು, ಮೂರು, ಎರಡು. ಇದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಕ್ಯೂಬಾ ಕಬ್ಬಿನ ದ್ವೀಪ. ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಹಿಡಿದು ತಂದರು. ಗುಲಾಮಗಿರಿ ಅಲ್ಲಿ ಪೂರ್ತಿ ನಿಂತದ್ದು 1886ರಲ್ಲಿ. ಹಾಗೆ ಬಂದವರಲ್ಲಿ ಕಾಂಗೋ ನದಿಯ ಸೀಮೆಯವರು ಬಹಳ. ದ್ವೀಪದ ಪೂರ್ವದ ಬೆಟ್ಟಗಾಡಿನಲ್ಲಿ ಇವರ ಡೋಲೂ ಸ್ಪೇನಿನವರ ತಂತಿವಾದ್ಯವೂ ಸೇರಿ ‘ಸೋನ್’ ಅನ್ನೋ ಹಾಡಿನ ಬಗೆ ಹುಟ್ಟಿತು. ಅದು ಹವಾನಾಕ್ಕೆ ಬಂತು. 1940ರ ದಶಕದಲ್ಲಿ ಆರ್ಸೆನಿಯೊ ರೊಡ್ರಿಗೆಸ್ ಅನ್ನುವವರು ಅದಕ್ಕೆ ಪಿಯಾನೋ, ಕಾಂಗಾ ಡೋಲು, ಜಾಸ್ತಿ ಟ್ರಂಪೆಟ್ ಸೇರಿಸಿ ದೊಡ್ಡದು ಮಾಡಿದರು. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು, ಕಾಂಗೋ ಮೂಲದ ಮನೆತನದವರು. ಇವತ್ತಿನ ಸಾಲ್ಸಾ ಬ್ಯಾಂಡಿನ ಅಚ್ಚು ಅವರು ಕೊಟ್ಟದ್ದೇ.

ಹವಾನಾದ ಇನ್ನೊಂದು ಕಥೆ ಇಲ್ಲೇ ಹೇಳಿಬಿಡುತ್ತೇನೆ. ಎನ್ರಿಕೆ ಹೊರ್ರಿನ್ ಅಂತ ಒಬ್ಬ ಪಿಟೀಲು ವಾದಕರು. ತಮ್ಮ ಬ್ಯಾಂಡಿನ ಎದುರು ಕುಣಿಯುವವರು ಒಡೆದೊಡೆದ ಲಯಕ್ಕೆ ಹೆಜ್ಜೆ ಹಾಕಲಾಗದೆ ಒದ್ದಾಡುತ್ತಿದ್ದದ್ದನ್ನು ಅವರು ನೋಡಿದರು. ಲಯವನ್ನು ಸ್ವಲ್ಪ ನೇರ ಮಾಡಿದರು. ಆಗ ಕುಣಿಯುವವರ ಚಪ್ಪಲಿ ನೆಲಕ್ಕೆ ಉಜ್ಜಿ ಚ ಚ ಚಾ ಅಂತ ಸದ್ದು ಬಂತು. ಆ ಸದ್ದೇ ಹೆಸರಾಯಿತು. 1953ರಲ್ಲಿ ಚಾಚಾಚಾ ರೆಕಾರ್ಡ್ ಆಗಿ ಹೊರಬಂದು ಊರೂರು ಸುತ್ತಿತು. ಹೆಸರಿಟ್ಟದ್ದು ಹಾಡಿದವರಲ್ಲ, ಚಪ್ಪಲಿ.

ಈಗ ನಾಯಿಯ ವಿಷಯ. ಎಚ್‌ಎಂವಿ ನಾಯಿ ಗೊತ್ತಲ್ಲ? ನಮ್ಮ ಅಜ್ಜಂದಿರ ಕಾಲದ ಕನ್ನಡ ನಾಟಕದ ಹಾಡಿನ ಪ್ಲೇಟುಗಳ ಮೇಲೆ ಗ್ರಾಮಫೋನಿನ ಮುಂದೆ ಕೂತಿರುತ್ತಿತ್ತು. ಅದೇ ಕಂಪನಿ 1933ರಿಂದ ಆಫ್ರಿಕಾದ ಅಂಗಡಿಗಳಿಗಾಗಿ ಒಂದು ಸರಣಿ ಪ್ಲೇಟು ಹೊರತಂದಿತು. ಎಲ್ಲ 78ರ ಪ್ಲೇಟು. ಅವುಗಳ ನಂಬರು ಜಿವಿ ಅಂತ ಶುರುವಾಗುತ್ತಿತ್ತು. 1950ರ ದಶಕದ ಕೊನೆಯವರೆಗೆ ಇನ್ನೂರಕ್ಕೂ ಜಾಸ್ತಿ ಪ್ಲೇಟು ಬಂದವು. ಒಳಗಿದ್ದದ್ದು ಹೆಚ್ಚಾಗಿ ಕ್ಯೂಬಾದ ಹಾಡು. ಕಂಪನಿಗೆ ಬೇರೆ ಯಾವ ಆದರ್ಶವೂ ಇರಲಿಲ್ಲ. ಆಫ್ರಿಕಾದ ಬಂದರುಗಳಲ್ಲಿ ಈ ಹಾಡು ಮಾರಾಟ ಆಗುತ್ತದೆ ಅಂತ ಗೊತ್ತಾಯಿತು, ಕಳಿಸಿದರು, ಅಷ್ಟೇ.

ಆ ಕಾಲದಲ್ಲಿ ಲೋಕವನ್ನೇ ಸುತ್ತಿದ ಕ್ಯೂಬಾ ಹಾಡು ‘ಎಲ್ ಮಾನಿಸೆರೊ’. ಕಡಲೆಕಾಯಿ ಮಾರುವವನು ಅಂತ ಅರ್ಥ. ಹವಾನಾದ ಬೀದಿಯಲ್ಲಿ ಕಡಲೆಕಾಯಿ ಮಾರುವವರ ಕೂಗನ್ನೇ ಹಾಡು ಮಾಡಿದ್ದಾರೆ. ಕಡಲೆಕಾಯಿ ಪರಿಷೆ ಮಾಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? (ಇಲ್ಲಿ ಹಾಡು ಕೇಳಿಸಿದೆ. 1930ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ್ದು. ಹಿಂದಿನ ಸಾಲಿನಲ್ಲಿ ಇಬ್ಬರು ತಲೆ ಆಡಿಸುತ್ತಿದ್ದರು.)

ಈ ಜಿವಿ ಪ್ಲೇಟುಗಳು ಕಾಂಗೋ ನದಿಯ ಎರಡು ದಡದ ಊರುಗಳಿಗೆ ಹೋದವು. ಒಂದು ದಡದಲ್ಲಿ ಬ್ರಾಜಾವಿಲ್, ಇನ್ನೊಂದರಲ್ಲಿ ಆಗಿನ ಲಿಯೊಪೋಲ್ಡ್‌ವಿಲ್, ಈಗಿನ ಕಿನ್ಶಾಸಾ. ಒಂದು ದಡ ಫ್ರಾನ್ಸಿನವರದ್ದು, ಇನ್ನೊಂದು ಬೆಲ್ಜಿಯಂನವರದ್ದು. ಅಲ್ಲಿಯ ಹುಡುಗರು ಈ ಪ್ಲೇಟು ಕೇಳಿದರು. ಇದು ನಮ್ಮದೇ ಅನ್ನಿಸಿತು. ಅನ್ನಿಸಿದ್ದು ಸುಳ್ಳಲ್ಲ. ನೂರಾರು ವರ್ಷದ ಹಿಂದೆ ಅದೇ ಸೀಮೆಯಿಂದ ಸರಪಳಿ ಹಾಕಿಸಿಕೊಂಡು ಹೋದವರ ಲಯ ಈಗ ಕಪ್ಪು ಪ್ಲೇಟಿನ ಮೇಲೆ ಕೂತು ವಾಪಸ್ ಬಂದಿತ್ತು.

ಅವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಆದರೂ ಕೇಳಿದ ಹಾಗೆ ಸದ್ದು ಜೋಡಿಸಿ ಹಾಡಿದರು. ಅರ್ಥ ಇಲ್ಲದ ಸ್ಪ್ಯಾನಿಷ್! ನಿಧಾನವಾಗಿ ತಮ್ಮ ಲಿಂಗಾಲಾ ಭಾಷೆ ತಂದರು. ಪಿಯಾನೋ ಸಿಗುವುದು ಕಷ್ಟ, ಗಿಟಾರ್ ಸಿಗುತ್ತಿತ್ತು. ಹಾಗಾಗಿ ಕ್ಯೂಬಾದ ಪಿಯಾನೋ ನುಡಿಸುತ್ತಿದ್ದ ಸುತ್ತು ಸುತ್ತಿನ ಸ್ವರಗಳನ್ನೆಲ್ಲ ಗಿಟಾರಿಗೆ ಇಳಿಸಿದರು. ಒಂದು ಗಿಟಾರ್ ಅಲ್ಲ, ಎರಡು, ಮೂರು, ಒಂದರೊಳಗೊಂದು ಹೆಣೆದುಕೊಂಡು. ಹಾಡಿನ ಮೊದಲ ಭಾಗ ನಿಧಾನ, ಮಾತಿನದ್ದು. ಎರಡನೇ ಭಾಗಕ್ಕೆ ‘ಸೆಬೆನ್’ ಅನ್ನುತ್ತಾರೆ. ಅಲ್ಲಿ ಮಾತು ಹಿಂದೆ ಸರಿಯುತ್ತದೆ, ಗಿಟಾರ್ ಓಡುತ್ತದೆ, ಜನ ಕುಣಿಯುತ್ತಾರೆ. ಕುಣಿಯುವವರಿಗಾಗಿಯೇ ಹಾಡಿನಲ್ಲಿ ಒಂದು ಕೋಣೆ ಕಟ್ಟಿಕೊಟ್ಟ ಹಾಗೆ.

1960ರ ಜನವರಿಯಲ್ಲಿ ಬೆಲ್ಜಿಯಂನವರು ಕಾಂಗೋದ ನಾಯಕರನ್ನು ಬ್ರಸೆಲ್ಸ್‌ಗೆ ಕರೆದು ಸ್ವಾತಂತ್ರ್ಯದ ಮಾತುಕತೆ ನಡೆಸಿದರು. ಜೊತೆಗೆ ಒಂದು ಬ್ಯಾಂಡೂ ಹೋಗಿತ್ತು. ಜೋಸೆಫ್ ಕಬಸೆಲೆ ಅವರ ‘ಆಫ್ರಿಕನ್ ಜಾಜ್’. ಮಾತುಕತೆ ಗೆದ್ದಿತು ಅಂತ ಗೊತ್ತಾಗುತ್ತಲೇ ಅವರು ಒಂದು ಹಾಡು ಕಟ್ಟಿದರು. ಹೆಸರು ‘ಇಂಡಿಪೆಂಡೆನ್ಸ್ ಚಾ ಚಾ’. ಆಫ್ರಿಕಾದ ದೇಶಗಳು ಒಂದೊಂದಾಗಿ ಬಿಡುಗಡೆಯಾಗುತ್ತಿದ್ದ ವರ್ಷ ಅದು. ಕಾಂಗೋದ ಆಚೆಗೂ ರೇಡಿಯೋಗಳಲ್ಲಿ ಆ ಹಾಡು ಮೊಳಗಿತು. ನೋಡಿ, ಹವಾನಾದಲ್ಲಿ ಚಪ್ಪಲಿ ಉಜ್ಜಿದ ಸದ್ದು ಏಳು ವರ್ಷದಲ್ಲಿ ಒಂದು ದೇಶದ ಸ್ವಾತಂತ್ರ್ಯದ ಹಾಡಿನ ಹೆಸರಿನೊಳಗೆ ಬಂದು ಕೂತಿತು.

ಇನ್ನು ನ್ಯೂಯಾರ್ಕ್. ಇದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಮುಗಿಸುತ್ತೇನೆ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು. 1962ರಲ್ಲಿ ಅಮೆರಿಕ ಕ್ಯೂಬಾದ ಜೊತೆಗಿನ ವ್ಯಾಪಾರವನ್ನೇ ನಿಲ್ಲಿಸಿತು. ಹವಾನಾದಿಂದ ಹೊಸ ಹಾಡು, ಹೊಸ ಬ್ಯಾಂಡು ಬರುವುದು ನಿಂತಿತು. ನ್ಯೂಯಾರ್ಕಿನಲ್ಲಿದ್ದ ಪೋರ್ಟೊ ರಿಕೊ ಮೂಲದ ಹುಡುಗರು ಉಳಿದದ್ದನ್ನೇ ಕಾಯಿಸಿ, ಅದಕ್ಕೆ ತಮ್ಮ ಬೀದಿಯ ಖಾರ ಹಾಕಿದರು. ಜಾನಿ ಪಚೇಕೊ ಅನ್ನುವ ಡೊಮಿನಿಕನ್ ಕೊಳಲು ವಾದಕರು, ಜೆರ್ರಿ ಮಸೂಚಿ ಅನ್ನುವ ವಕೀಲರು ಸೇರಿ 1964ರಲ್ಲಿ ಫಾನಿಯಾ ಅನ್ನೋ ಕಂಪನಿ ಶುರುಮಾಡಿದರು. ಮೊದಮೊದಲು ಕಾರಿನ ಡಿಕ್ಕಿಯಲ್ಲಿ ಪ್ಲೇಟು ತುಂಬಿಕೊಂಡು ಅಂಗಡಿ ಅಂಗಡಿಗೆ ಹಂಚಿದರು. ಈ ಸಂಗೀತಕ್ಕೆ ಸಾಲ್ಸಾ ಅನ್ನೋ ಹೆಸರು ಗಟ್ಟಿಯಾದದ್ದು ಇವರ ಕಾಲದಲ್ಲಿ. ಸಾಲ್ಸಾ ಅಂದರೆ ನಂಚಿಕೊಳ್ಳುವ ಸಾಸು. ಹಳೇ ತಲೆ ಟಿಟೊ ಪುಎಂತೆ ಅವರಿಗೆ ಈ ಹೆಸರು ಹಿಡಿಸುತ್ತಿರಲಿಲ್ಲ. ಸಾಸ್ ಊಟಕ್ಕೆ, ನಾನು ನುಡಿಸುವುದು ಕ್ಯೂಬಾ ಸಂಗೀತ ಅನ್ನೋ ಅರ್ಥದಲ್ಲಿ ರೇಗುತ್ತಿದ್ದರು. ನನಗೆ ಅವರ ರೇಗಾಟ ಸರಿ ಅನ್ನಿಸುತ್ತದೆ. ಆದರೆ ಅಂಗಡಿಯಲ್ಲಿ ಮಾರಲು ಒಂದು ಪದ ಬೇಕಲ್ಲ.

1973ರ ಆಗಸ್ಟ್‌ನಲ್ಲಿ ಫಾನಿಯಾದವರು ಯಾಂಕೀ ಸ್ಟೇಡಿಯಂನಲ್ಲಿ ಕಾರ್ಯಕ್ರಮ ಇಟ್ಟರು. 40,000ಕ್ಕೂ ಹೆಚ್ಚು ಜನ. ಇಬ್ಬರು ಕಾಂಗಾ ವಾದಕರ ನಡುವೆ ಜುಗಲ್‌ಬಂದಿ ಕಾವೇರುತ್ತಿದ್ದಂತೆ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಕಾರ್ಯಕ್ರಮ ಅಲ್ಲಿಗೇ ನಿಂತಿತು. ಮುಂದಿನ ವರ್ಷ, 1974ರ ಸೆಪ್ಟೆಂಬರ್‌ನಲ್ಲಿ, ಇದೇ ತಂಡ ಕಿನ್ಶಾಸಾಕ್ಕೆ ಹೋಯಿತು. ಮುಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ಅವರ ಬಾಕ್ಸಿಂಗ್ ಪಂದ್ಯದ ಜೊತೆಗಿದ್ದ ಸಂಗೀತ ಹಬ್ಬ ಅದು. ಫೋರ್‌ಮನ್ ಅವರ ಕಣ್ಣಿನ ಮೇಲೆ ಗಾಯವಾಗಿ ಪಂದ್ಯ ಮುಂದಕ್ಕೆ ಹೋಯಿತು, ಹಾಡು ಮಾತ್ರ ನಡೆಯಿತು. ಕ್ಯೂಬಾ ಬಿಟ್ಟು ಬಂದು ಮತ್ತೆ ಒಳಗೆ ಬಿಟ್ಟುಕೊಳ್ಳದ ಕಾರಣ ತಾಯಿಯ ಅಂತ್ಯಸಂಸ್ಕಾರಕ್ಕೂ ಹೋಗಲಾಗದ ಸೆಲಿಯಾ ಕ್ರೂಸ್ ಅವರು ಕಾಂಗೋ ನೆಲದ ಮೇಲೆ ನಿಂತು ಹಾಡಿದರು. ಎದುರಿಗಿದ್ದವರಿಗೆ ಮಾತು ಗೊತ್ತಾಗಲಿಲ್ಲ. ಆದರೆ ನಲವತ್ತು ವರ್ಷದಿಂದ ಜಿವಿ ಪ್ಲೇಟು ಕೇಳಿದ ಊರು ಅದು. ಲಯ ಹೊಸದಾಗಿರಲಿಲ್ಲ.

ಇಲ್ಲಿಗೆ ಕಥೆ ಒಂದು ಸುತ್ತು ಮುಗಿಯಿತು ಅನ್ನಿಸುತ್ತದೆ. ಇಲ್ಲ, ಇನ್ನೊಂದು ಸುತ್ತು ಇದೆ.

ಇಲ್ಲಿರುವ ಯಾರಿಗೆ ‘ವಾಕಾ ವಾಕಾ’ ಗೊತ್ತಿಲ್ಲ? (ಯಾರೂ ಕೈ ಎತ್ತಲಿಲ್ಲ.) 2010ರ ಫುಟ್‌ಬಾಲ್ ವಿಶ್ವಕಪ್ ಹಾಡು. ಆ ವರ್ಷ ನಮ್ಮ ಕಡೆ ಸ್ಕೂಲ್ ಡೇ ಅಂದರೆ ಆ ಹಾಡಿಗೆ ಒಂದು ಗುಂಪು ಕುಣಿಯಲೇಬೇಕಿತ್ತು. ಹಾಡಿದವರು ಕೊಲಂಬಿಯಾದ ಶಕೀರಾ. ಆದರೆ ಅದರ ಪಲ್ಲವಿ ಕ್ಯಾಮರೂನ್ ದೇಶದ್ದು. ಅಲ್ಲಿ ಗೋಲ್ಡನ್ ಸೌಂಡ್ಸ್ ಅನ್ನೋ ತಂಡ 1986ರಲ್ಲಿ ‘ಜಂಗಲೇವಾ’ ಅಂತ ಹಾಡಿತ್ತು. ಅವರು ಅಧ್ಯಕ್ಷರ ಕಾವಲು ಪಡೆಯ ಸಿಪಾಯಿಗಳು. ಸಿಪಾಯಿ ವೇಷದಲ್ಲೇ ಹೊಟ್ಟೆಗೆ ದಿಂಬು ಕಟ್ಟಿಕೊಂಡು ತಮ್ಮನ್ನೇ ಗೇಲಿ ಮಾಡಿಕೊಂಡು ಕುಣಿಯುತ್ತಿದ್ದರು. ಆ ಹಾಡು ಶಕೀರಾ ಅವರ ಸೀಮೆಯಲ್ಲಿ 2010ಕ್ಕಿಂತ ಎಷ್ಟೋ ಮುಂಚೆಯೇ ಜನಪ್ರಿಯ. ಅಲ್ಲಿ ಅದಕ್ಕೆ ‘ಮಿಲಿಟರಿ’ ಅಂತ ಅಡ್ಡಹೆಸರೂ ಇತ್ತು. ಹೇಗೆ?

ಪಿಕೋಗಳಿಂದ. ಇದು ನನಗೆ ತುಂಬ ಇಷ್ಟವಾದ ಭಾಗ. ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿ ಬರಾಂಕಿಯಾ, ಕಾರ್ತಹೇನಾ ಅಂತ ಎರಡು ಬಂದರು ಊರು. ಅಲ್ಲಿಯ ಬಡ ಬಡಾವಣೆಗಳಲ್ಲಿ ಮನುಷ್ಯನಿಗಿಂತ ಎತ್ತರದ ಸ್ಪೀಕರ್ ಪೆಟ್ಟಿಗೆ ಇಟ್ಟುಕೊಂಡು ಪ್ಲೇಟು ಹಾಕುವವರಿದ್ದರು. ಆ ಪೆಟ್ಟಿಗೆಗೆ ಕಣ್ಣು ಕುಕ್ಕುವ ಬಣ್ಣದಲ್ಲಿ ಚಿತ್ರ ಬರೆಸಿರುತ್ತಾರೆ. ಅದೇ ಪಿಕೋ. ಇಂಗ್ಲಿಷಿನ ಪಿಕಪ್ ಅನ್ನೋ ಪದ ಅಲ್ಲಿ ಹಾಗಾಗಿದೆ. ಒಂದೊಂದು ಪಿಕೋಗೂ ಹೆಸರು ಇರುತ್ತದೆ, ನಮ್ಮಲ್ಲಿ ಬಸ್ಸಿಗೆ ಹೆಸರಿಡುವ ಹಾಗೆ. ಅಪ್ಪ ಇದ್ದಿದ್ದರೆ ಆ ಪೆಟ್ಟಿಗೆಗಳ ಮುಂದೆ ಗಂಟೆಗಟ್ಟಲೆ ನಿಂತಿರುತ್ತಿದ್ದರು.

ಪಿಕೋಗಳ ನಡುವೆ ಪೈಪೋಟಿ. ನನ್ನ ಹತ್ತಿರ ಇರುವ ಹಾಡು ನಿನ್ನ ಹತ್ತಿರ ಇರಬಾರದು. ಹಾಗಾಗಿ 1970ರ ದಶಕದಿಂದ ಹಡಗಿನವರ ಕೈಯಲ್ಲಿ, ಪ್ರಯಾಣ ಹೋಗುವವರ ಕೈಯಲ್ಲಿ ಆಫ್ರಿಕಾದ ಪ್ಲೇಟು ತರಿಸತೊಡಗಿದರು. ಕಾಂಗೋದ್ದು, ನೈಜೀರಿಯಾದ್ದು, ಕ್ಯಾಮರೂನಿನದ್ದು. ಪ್ಲೇಟು ಕೈಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ಏನು ಗೊತ್ತಾ? ಮಧ್ಯದ ಲೇಬಲ್ ಕೆರೆದು ಹಾಕುವುದು. ಹೊದಿಕೆ ಬಚ್ಚಿಡುವುದು. ಪಕ್ಕದವನು ಬಂದು ನೋಡಿದರೂ ಹಾಡು ಯಾರದ್ದು ಅಂತ ಗೊತ್ತಾಗಬಾರದು. ಭಾಷೆಯಂತೂ ಯಾರಿಗೂ ಬರುವುದಿಲ್ಲ. ಹಾಗಾಗಿ ಜನ ಕಿವಿಗೆ ಬಿದ್ದ ಸದ್ದಿಗೆ ಹತ್ತಿರದ ಸ್ಪ್ಯಾನಿಷ್ ಪದ ಹಿಡಿದು ಹಾಡಿಗೆ ಹೊಸ ಹೆಸರಿಟ್ಟರು. ಕಾಂಗೋದ ಹುಡುಗರು ಅರ್ಥವಿಲ್ಲದ ಸ್ಪ್ಯಾನಿಷ್ ಹಾಡಿದ್ದರು. ಈಗ ಸ್ಪ್ಯಾನಿಷ್ ಮಾತಾಡುವವರು ಲಿಂಗಾಲಾಕ್ಕೆ ಅರ್ಥ ಕಟ್ಟಿದರು. ಲೆಕ್ಕ ಚುಕ್ತಾ.

ಕಾರ್ತಹೇನಾದ ಹತ್ತಿರವೇ ಪಲೆಂಕೆ ಅನ್ನೋ ಹಳ್ಳಿ ಇದೆ. ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಊರು. ಅವರ ಮಾತಿನಲ್ಲಿ ಇವತ್ತಿಗೂ ಕಾಂಗೋ ಸೀಮೆಯ ಕಿಕೊಂಗೊ ಪದಗಳಿವೆ. ಆ ಊರಿನವರು, ಕಾರ್ತಹೇನಾದ ಕೇರಿಗಳವರು, ಪಿಕೋದಲ್ಲಿ ಕೇಳಿದ ಗಿಟಾರನ್ನು ತಾವೇ ನುಡಿಸತೊಡಗಿದರು. ಕ್ಯಾಸಿಯೋ ಕೀಬೋರ್ಡಿನಿಂದ ಡ್ರಮ್ ಸದ್ದು ತೆಗೆದರು. ಅದೇ ಚಂಪೇಟಾ. ಚಂಪೇಟಾ ಅಂದರೆ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರ ಸೊಂಟದ ಚೂರಿ. ಊರಿನ ಉಳ್ಳವರು ಬೈಗುಳವಾಗಿ ಆ ಹೆಸರು ಅಂಟಿಸಿದ್ದರು, ಇವರು ಅದನ್ನೇ ತಲೆ ಮೇಲೆ ಇಟ್ಟುಕೊಂಡರು. ಈ ಹಾಡಿನಲ್ಲೂ ಕೊನೆಗೆ ಕುಣಿಯುವವರಿಗೆ ಬಿಟ್ಟ ಭಾಗ ಒಂದಿದೆ. ‘ಎಸ್ಪೆಲೂಕೆ’ ಅನ್ನುತ್ತಾರೆ, ಕೂದಲು ಕೆದರುವುದು ಅಂತ. ಕಾಂಗೋದ ಸೆಬೆನ್ ಇಲ್ಲಿ ಹೆಸರು ಬದಲಿಸಿಕೊಂಡು ಕೂತಿದೆ. 2020ರಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ಮಧ್ಯೆ ಶಕೀರಾ ಚಂಪೇಟಾ ಹೆಜ್ಜೆ ಹಾಕಿದಾಗ ಕೇರಿಯ ಆ ಕುಣಿತವನ್ನು ಕೋಟ್ಯಂತರ ಜನ ನೋಡಿದರು. ಶಕೀರಾ ಬರಾಂಕಿಯಾದವರೇ. ಎಲ್ಲಿಂದಲೋ ಕಲಿತು ಬಂದದ್ದಲ್ಲ.

ಈಗ ನನ್ನ ಏಟಿನ ವಿಷಯಕ್ಕೆ ಬರೋಣ. ಅದೇ ಕೊಲಂಬಿಯಾದ ಇನ್ನೊಂದು ಮಗ್ಗುಲಲ್ಲಿ ಕಾಲಿ ಇದೆ. ಕನ್ನಡದಲ್ಲಿ ಹೇಳಿದರೆ ಹೆಸರೇ ಕಾಲು ಕುಣಿಸುತ್ತದೆ. ಸುತ್ತ ಕಬ್ಬಿನ ಗದ್ದೆ. ಪಶ್ಚಿಮಕ್ಕೆ ಬುಎನಾವೆಂತೂರಾ ಬಂದರು. ಅಲ್ಲಿಗೆ ಬರುವ ಹಡಗಿನವರು ನ್ಯೂಯಾರ್ಕಿನ, ಕ್ಯೂಬಾದ ಪ್ಲೇಟು ತರುತ್ತಿದ್ದರು. ದೊಡ್ಡ ಬ್ಯಾಂಡ್ ಕರೆಸುವ ದುಡ್ಡು ಊರಿನವರ ಹತ್ತಿರ ಇರಲಿಲ್ಲ. ಹಾಗಾಗಿ ಕಾಲಿಯ ಬಡವರಿಗೆ ಸಾಲ್ಸಾ ಅಂದರೆ ಪ್ಲೇಟು. ಹದಿಹರೆಯದವರಿಗಾಗಿ ಹಗಲು ಹೊತ್ತಿನಲ್ಲೇ, ಸೋಡಾ ಜ್ಯೂಸ್ ಕುಡಿದುಕೊಂಡು ಕುಣಿಯುವ ಪಾರ್ಟಿಗಳೂ ನಡೆಯುತ್ತಿದ್ದವು.

1960ರ ದಶಕದಲ್ಲಿ ನ್ಯೂಯಾರ್ಕಿನಿಂದ ಬೂಗಲೂ ಅನ್ನೋ ಹಾಡಿನ ಬಗೆ ಬಂತು. ಕಾಲಿಯವರಿಗೆ ಅದು ಮಂದ ಅನ್ನಿಸಿತು. ಅವರ ಕಾಲಿಗೆ ಇನ್ನೂ ಕೆಲಸ ಬೇಕಿತ್ತು. ಪ್ಲೇಟು ಹಾಕುವವನು ಕಡ್ಡಿ ತಳ್ಳಿದ. 33ರದ್ದು 45ಕ್ಕೆ ಹೋಯಿತು.

ಇದರ ಲೆಕ್ಕ ನೋಡಿ. 33 ಅಂದರೆ ನಿಜವಾಗಿ ಮೂವತ್ತಮೂರೂ ಮೂರನೇ ಒಂದು ಸುತ್ತು. ಅಲ್ಲಿಂದ 45 ಅಂದರೆ ನೂರಕ್ಕೆ 35ರಷ್ಟು ವೇಗ ಜಾಸ್ತಿ. ಮೂರು ನಿಮಿಷದ ಹಾಡು ಎರಡೂಕಾಲು ನಿಮಿಷದೊಳಗೆ ಮುಗಿಯುತ್ತದೆ. ಶ್ರುತಿಯೂ ಏರುತ್ತದೆ. ಹೆಚ್ಚುಕಮ್ಮಿ ಷಡ್ಜದಲ್ಲಿದ್ದದ್ದು ಶುದ್ಧ ಮಧ್ಯಮಕ್ಕೆ ಹೋಗಿ ಕೂರುತ್ತದೆ. ಹಾಡುವವರ ದನಿ ಗುಬ್ಬಿ ದನಿಯಾಗುತ್ತದೆ. ಕಾಲಿಯವರು ನಗಲಿಲ್ಲ, ಕುಣಿದರು. ಸೊಂಟದಿಂದ ಮೇಲೆ ಮೈ ಸುಮ್ನೆ ಇರುತ್ತದೆ, ಮೊಣಕಾಲಿನ ಕೆಳಗೆ ಹೊಲಿಗೆ ಯಂತ್ರ ಓಡುತ್ತದೆ. ಇವತ್ತು ಲೋಕದ ಸಾಲ್ಸಾ ಸ್ಪರ್ಧೆಗಳಲ್ಲಿ ‘ಕಾಲಿ ಶೈಲಿ’ ಅಂತ ಬೇರೆಯಾಗಿ ಗುರುತಿಸುವ ಕುಣಿತ ಇದೇ. (ಇಲ್ಲಿ ಒಂದೇ ಹಾಡನ್ನು ಎರಡು ವೇಗದಲ್ಲಿ ಕೇಳಿಸಿದೆ. ಎರಡನೆಯದಕ್ಕೆ ನಗು ಬಂತು, ಆಮೇಲೆ ಕಾಲು ಆಡಿದವು.)

ಕೊನೆಗೆ ಕಾಲಿಯಲ್ಲೇ ದೊಡ್ಡ ಬ್ಯಾಂಡುಗಳು ಹುಟ್ಟಿದವು. ಗ್ರೂಪೊ ನಿಚೆ ತಂಡ 1984ರಲ್ಲಿ ಊರಿನ ಬಗ್ಗೆಯೇ ಹಾಡಿದ ಹಾಡು ಅಲ್ಲಿಯ ನಾಡಗೀತೆ ಇದ್ದಂತೆ. ಡಿಸೆಂಬರ್ ಕೊನೆಯ ಜಾತ್ರೆಯಲ್ಲಿ ಹಳೇ ಪ್ಲೇಟು ಕೂಡಿಟ್ಟವರ ದೊಡ್ಡ ಕೂಟವೂ ಸೇರುತ್ತದೆ. 1990ರ ದಶಕದಲ್ಲಿ ‘ವಿಯೆಹೊತೆಕಾ’ ಅಂತ ಶುರುವಾಯಿತು. ಮುದುಕರ ಡಿಸ್ಕೋ ಅನ್ನಬಹುದು. ವಯಸ್ಸಾದವರು ಬಂದು ತಮ್ಮ ಕಾಲದ ಪ್ಲೇಟಿಗೆ ಕುಣಿಯಲಿ ಅಂತ. ಹುಡುಗರೂ ಬಂದು ನುಗ್ಗಿದರು.

ಕಾಲಿಯವರು ಓಡಿಸಿದರೆ, ನಿಲ್ಲಿಸಿದಷ್ಟು ನಿಧಾನ ಮಾಡಿದವರು ಇನ್ನೊಬ್ಬರು. ಮೆಕ್ಸಿಕೋದ ಉತ್ತರ ಭಾಗದಲ್ಲಿ ಮೊಂತೆರ್ರೇ ಅನ್ನೋ ಕಾರ್ಖಾನೆಗಳ ಊರು. ಅಲ್ಲಿಯ ಗುಡ್ಡದ ಕೇರಿಗಳಲ್ಲಿ ಕೊಲಂಬಿಯಾದ ಕುಂಬಿಯಾ ಹಾಡುಗಳ ಹುಚ್ಚು. ಕುಂಬಿಯಾ ಕೊಲಂಬಿಯಾದ ಕರಾವಳಿಯದ್ದು: ಡೋಲು, ಉದ್ದನೆ ಕೊಳಲು, ಕೆರೆದು ನುಡಿಸುವ ಗ್ವಚರಾಕಾ, ಆಮೇಲೆ ಸೇರಿದ ಅಕಾರ್ಡಿಯನ್. ಮೆಕ್ಸಿಕೋದಲ್ಲಿ ಬೀದಿಯಲ್ಲಿ ಸ್ಪೀಕರ್ ಇಟ್ಟು ಹಾಡು ಹಾಕುವವರಿಗೆ ಸೊನಿದೇರೊ ಅನ್ನುತ್ತಾರೆ. ಮತ್ತೆ ನಮ್ಮ ಮೈಕ್ ಸೆಟ್‌ನವರೇ. ಗೇಬ್ರಿಯಲ್ ದುಎನ್ಯೆಸ್ ಅನ್ನುವ ಸೊನಿದೇರೊ ಒಂದು ರಾತ್ರಿ ಹಾಡು ಹಾಕುತ್ತಿದ್ದಾಗ ಯಂತ್ರ ಬಿಸಿಯಾಗಿ ನಿಧಾನವಾಯಿತು ಅಂತ ಅಲ್ಲಿ ಕಥೆ ಹೇಳುತ್ತಾರೆ. ಹಾಡು ಎಳೆದುಕೊಂಡು ಹೋಯಿತು. ಅಕಾರ್ಡಿಯನ್ ದನಿ ಪಾತಾಳಕ್ಕೆ ಇಳಿಯಿತು. ಕುಣಿಯುತ್ತಿದ್ದವರು ಬೈಯಲಿಲ್ಲ, ಇನ್ನೊಂದು ಸಲ ಹಾಕು ಅಂದರು. ಆಮೇಲೆ ಅವರು ಬೇಕಂತಲೇ ನಿಧಾನ ಮಾಡಿ ಕ್ಯಾಸೆಟ್ ತುಂಬಿಸಿ ಮಾರಿದರು. ಅದಕ್ಕೆ ಕುಂಬಿಯಾ ರೆಬಹಾದಾ ಅಂತ ಹೆಸರು, ಇಳಿಸಿದ ಕುಂಬಿಯಾ. ಖುಷಿಯ ಹಾಡನ್ನು ನಿಧಾನ ಮಾಡಿದರೆ ಅದರ ಅಡಿಯಲ್ಲಿ ಎಷ್ಟು ದುಃಖ ಇತ್ತು ಅಂತ ಕೇಳಿಸುತ್ತದೆ. ನನಗೆ ಕಾಲಿಗಿಂತ ಮೊಂತೆರ್ರೇಯೇ ಒಂದು ಕೈ ಮೇಲೆ ಅನ್ನಿಸುವುದು ಇದಕ್ಕೇ.

ಜೇಬಿನಲ್ಲಿ ಇಟ್ಟುಕೊಂಡ ತಕಿಟ ತಕಿಟ ತಕ ಈಗ ತೆಗೆಯಿರಿ. ಕಾಲಲ್ಲಿ ಸಮವಾಗಿ ತಟ್ಟುತ್ತಾ ಇರಿ. ಬಾಯಲ್ಲಿ ತಕಿಟ ತಕಿಟ ತಕ ಹೇಳಿ. ಎರಡನೇ ತಕಿಟದ ಮೊದಲ ಅಕ್ಷರಕ್ಕೆ, ಕೊನೆಯ ತಕದ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ ಹಾಕಿ. ಇದು ರೆಗೆಟೋನ್. ಪನಾಮಾ ಕಾಲುವೆ ಅಗೆಯಲು ಬಂದ ಜಮೈಕಾ ಕಡೆಯವರ ಮೊಮ್ಮಕ್ಕಳು ರೆಗ್ಗೆಯನ್ನು ಸ್ಪ್ಯಾನಿಷ್‌ನಲ್ಲಿ ಹಾಡಿದರು. ಪೋರ್ಟೊ ರಿಕೊದ ಹುಡುಗರು ಅದನ್ನು ಹಿಡಿದುಕೊಂಡು ಕ್ಯಾಸೆಟ್ ಮಾಡಿದರು. 1995ರಲ್ಲಿ ಅಲ್ಲಿಯ ಪೊಲೀಸರು ಅಂಗಡಿಗಳಿಗೆ ನುಗ್ಗಿ ಆ ಕ್ಯಾಸೆಟ್‌ಗಳನ್ನು ಜಪ್ತಿ ಮಾಡಿದ್ದರು. 2004ರಲ್ಲಿ ಡ್ಯಾಡಿ ಯಾಂಕಿ ಅವರ ‘ಗ್ಯಾಸೋಲಿನಾ’ ಬಂತು. 2017ರಲ್ಲಿ ‘ದೆಸ್ಪಾಸಿತೊ’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 16 ವಾರ ಮೊದಲನೇ ಜಾಗದಲ್ಲಿ ಕೂತಿತು. ಆ ಪದದ ಅರ್ಥ ‘ನಿಧಾನವಾಗಿ’.

ಈ ಲಯದ ಮೇಲೆ 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ ದಾವೆ ಶುರುವಾಯಿತು. 1989ರಲ್ಲಿ ಸ್ಟೀಲಿ ಮತ್ತು ಕ್ಲೀವೀ ಅನ್ನುವ ಇಬ್ಬರು ಜಮೈಕಾದವರು ಮಾಡಿದ ಒಂದು ಡ್ರಮ್ ಟ್ರ್ಯಾಕಿನಿಂದಲೇ ಎಲ್ಲ ಬಂದದ್ದು ಅಂತ ನೂರಕ್ಕೂ ಹೆಚ್ಚು ಕಲಾವಿದರನ್ನು ಅದರಲ್ಲಿ ಸೇರಿಸಿದ್ದಾರೆ. ಅವರು ಕೂರಿಸಿದ ಆ ಒಂದೊಂದು ಪೆಟ್ಟಿನ ಸದ್ದು ಅವರದ್ದೇ, ದುಡ್ಡು ಸಿಗಬೇಕು. ಆದರೆ ಮೂರು ಮೂರು ಎರಡು ಯಾರದ್ದು? ಅದಕ್ಕೆ ಪತ್ರ ಯಾರ ಹೆಸರಿಗೆ ಮಾಡುತ್ತೀರಿ?

ದುಡ್ಡಿನ ಮಾತು ಬಂದಿದ್ದಕ್ಕೆ ಇನ್ನೊಂದು. 1989ರಲ್ಲಿ ‘ಲಂಬಾಡಾ’ ಅಂತ ಹಾಡು ಲೋಕವೆಲ್ಲ ಮೊಳಗಿತು. ಹೆಸರು ಕೇಳಿ ನಮ್ಮ ಲಂಬಾಣಿ ತಾಂಡಾದವರದ್ದು ಅಂತಲೇ ನಾನು ಬಹಳ ದಿನ ನಂಬಿದ್ದೆ. ಹಾಡಿದ್ದು ಫ್ರಾನ್ಸಿನಲ್ಲಿದ್ದ ಕಾಓಮಾ ಅನ್ನೋ ತಂಡ. ರಾಗ ಬೊಲಿವಿಯಾದ ಲೋಸ್ ಕ್ಹಾರ್ಕಾಸ್ ಅನ್ನುವವರದ್ದು, 1981ರದ್ದು. ಕೇಳದೆ ಎತ್ತಿಕೊಂಡಿದ್ದರು. ಬೊಲಿವಿಯಾದವರು ಕೇಸ್ ಹಾಕಿ ಹಕ್ಕು ಪಡೆದುಕೊಂಡರು. ಲೇಬಲ್ ಕೆರೆದ ಪಿಕೋದವನಿಗೂ ಕಾಓಮಾದವರಿಗೂ ವ್ಯತ್ಯಾಸ ಇದೆ ಅಂತ ನನಗೆ ಅನ್ನಿಸುತ್ತದೆ. ಪಿಕೋದವನು ಪ್ಲೇಟು ದುಡ್ಡು ಕೊಟ್ಟು ತಂದಿದ್ದ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬರು ಹಿರಿಯರು ಕೇಳಿದರು: “ಈಗ ಪ್ಲೇಟೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಎಲ್ಲರ ಕೈಲೂ ಫೋನ್. ಇನ್ನು ಕಡ್ಡಿ ತಳ್ಳುವವರು ಯಾರು ಸ್ವಾಮಿ?”

ನಾನು ಏನು ಹೇಳಲಿ ಅಂತ ಯೋಚಿಸುತ್ತಿದ್ದೆ. ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಾವು ಈಗಲೂ ಮಾಡ್ತೀವಿ. ಕನ್ನಡ ಸಿನಿಮಾ ಹಾಡನ್ನ ಸ್ಲೋ ಮಾಡಿ, ಗವಿಯೊಳಗೆ ಹಾಡಿದ ಹಾಗೆ ಮಾಡಿ ಯೂಟ್ಯೂಬಲ್ಲಿ ಹಾಕ್ತಾರೆ. ನಂಗೆ ಒರಿಜಿನಲ್‌ಗಿಂತ ಅದೇ ಇಷ್ಟ.”

“ಯಾರು ಹಾಕ್ತಾರಮ್ಮ?”

“ಗೊತ್ತಿಲ್ಲ ಸರ್. ಹೆಸರೇ ಇರಲ್ಲ.”

ಬಾ ಅಂತ ಮುಂದಕ್ಕೆ ಕರೆದೆ. ಅವಳು ಫೋನನ್ನು ಮೈಕಿಗೆ ಹಿಡಿದಳು.